ಹಲ್ಲಲ್ಲಿ ಹಿಡಿದ ಕೋಲು

ಹೊಸಯಲ್ಲಾಪುರ, ಧಾರವಾಡ
೧೫ ಜನವರಿ ೧೯೩೯, ರವಿವಾರ

ನನ್ನ ಜೀವದ ಅಬ್ಬಾ,

ಸಲಾಮ್. ಫೂಫಿಗೂ ಸಲಾಮ್. ಈ ಕಾಗದವನ್ನು ಅವರಿಗೆ ಓದಿ ಹೇಳುವಾಗ ನಡುನಡುವೆ ನಗಬೇಡಿ, ತಮ್ಮ ಮೇಲೆ ಏನೋ ಬರೆದಿದ್ದಾಳೆ ಎಂದು ನಿಮ್ಮ ಅಕ್ಕ ಮುನಿಸಿಕೊಳ್ಳುತ್ತಾರೆ.

ಧಾರವಾಡಕ್ಕೆ ಹೋದ ಮರುದಿನವೇ ಬರೆಯುತ್ತೇನೆ ಎಂದವಳು ತಿಂಗಳಾದರೂ ಒಂದು ಕಾರ್ಡನ್ನೂ ಹಾಕಲಿಲ್ಲ. ತಪ್ಪಾಯಿತು, ಅಬ್ಬಾ, ನೂರು ಸಲ ತಪ್ಪಾಯಿತು! ಕೆಲಸ ಹೆಚ್ಚಿತ್ತು ಎಂದು ಸುಳ್ಳು ಹೇಳಲಾರೆ. ಸುಖ ಹೆಚ್ಚಿತ್ತು. ಬೆಳಿಗ್ಗೆ ದೌತಿ ತೆಗೆದು ಕೂತರೆ ಇವರು ಬಂದು "ಯಾರಿಗೆ ಬರ್ಯಾಕತ್ತಿ?" ಎನ್ನುತ್ತಾರೆ. "ಅಬ್ಬಾಗ" ಎಂದರೆ "ಹಂಗಾರ ನನ್ನ ಬಗ್ಗೆ ಛಲೋ ಬರಿ" ಎನ್ನುತ್ತಾರೆ. ಛಲೋ ಅಂಥದ್ದು ಏನೇನಿದೆ ಎಂದು ನಾವಿಬ್ಬರೂ ವಾದ ಮಾಡಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಸೀದ ವಾಸನೆ ಬರುತ್ತದೆ.

ಇಂಗ್ಲಿಷಿನಲ್ಲಿ ಬರೆಯುವುದು ನನಗೆ ಸುಲಭ. ರೈಲ್ವೆ ಕಾಲೊನಿಯ ಶಾಲೆಯ ಮಿಸ್ ನನ್ನ ಕೈಯಲ್ಲಿ ಎಷ್ಟು ಕಾಗದ ಬರೆಸಿದರೋ! ಡಿಯರ್ ಅಂಕಲ್, ಡಿಯರ್ ಕಸಿನ್, ಲೋಕದಲ್ಲೇ ಇಲ್ಲದವರಿಗೆಲ್ಲ ಬರೆದಿದ್ದೇನೆ. ಆದರೆ ಇಂಗ್ಲಿಷಿನಲ್ಲಿ ನಾನು ಯಾರ ಮಗಳೂ ಆಗುವುದಿಲ್ಲ. ಕನ್ನಡದಲ್ಲಿ ಬರೆದರೆ ನಿಮ್ಮ ಮುಂದೆ ಪಾಟಿ ಹಿಡಿದು ಕೂತಂತೆ ಆಗುತ್ತದೆ. ರೈಲ್ವೆ ಕಾರಖಾನೆಯ ಬಾಯ್ಲರ್ ಶಾಪಿನ ಸುತ್ತಿಗೆಗಳು ನಿಮ್ಮ ಕಿವಿಯನ್ನು ತಿಂದು ಮುಗಿಸಿದ ಮೇಲೆ, ಮನೆಗೆ ಬಂದವರು ಆಡಿದ್ದನ್ನೆಲ್ಲ ಪಾಟಿಯ ಮೇಲೆ ಬರೆದು ನಿಮಗೆ ತೋರಿಸುವ ಕೆಲಸ ನನ್ನದಾಗಿತ್ತಲ್ಲ! "ಎಲ್ಲಾ ಬರೀಬ್ಯಾಡ, ಅರ್ಧಾ ಬರಿ, ಇಲ್ಲಾಂದ್ರ ಮನ್ಯಾಗ ಜಗಳ ಹತ್ತತಾವ" ಎಂದು ಫೂಫಿ ಬೈಯುತ್ತಿದ್ದರು. ನಾನು ಎಲ್ಲವನ್ನೂ ಬರೆಯುತ್ತಿದ್ದೆ. ಈಗಲೂ ಎಲ್ಲವನ್ನೂ ಬರೆಯುತ್ತೇನೆ.

ಮನೆ ಸಣ್ಣದು, ಬೆಳಕು ದೊಡ್ಡದು. ಮುಂದಿನ ಕೋಣೆಯೇ ಇವರ ಆಫೀಸು. ಬಾಗಿಲಿಗೆ ಬೋರ್ಡು ಹಾಕಿದ್ದಾರೆ: "ಹುಸೇನಬಾಷಾ, ಪೇಟೆಂಟ್ ವಕೀಲರು. ತಂತಿ, ಟೆಲಿಫೋನ್, ರೇಡಿಯೊ." ಬೋರ್ಡು ಏರಿದ ದಿನವೇ ಮೊದಲನೆಯ ಕಕ್ಷಿದಾರಳು ಬಂದಳು. ಅವಳು ನಮ್ಮ ಪಕ್ಕದ ಮನೆಯ ಶಿವಬಸವ್ವ.

"ಯಪ್ಪಾ ವಕೀಲ, ಕೆಮ್ಮು ಹತ್ತಿ ಬಿಡವಲ್ದು. ಒಂದ್ ಬಾಟ್ಲಿ ಕೊಡು."

"ಅವ್ವಾ, ನಾ ಔಷಧ ಮಾರಂಗಿಲ್ರಿ."

"ಬೋರ್ಡಿನ್ಯಾಗ ಪೇಟೆಂಟ್ ಅಂತ ಬರ್ದೀಯಲ್ಲೋ? ಪೇಟೆಂಟ್ ಅಂದ್ರ ಔಷಧ ಅಲ್ಲೇನು? ಪ್ಯಾಟ್ಯಾಗ ಎಲ್ಲಾ ಬಾಟ್ಲಿ ಮ್ಯಾಲೂ ಅದಽ ಇರ್ತೈತಿ."

ಇವರು ತಾಳ್ಮೆಯಿಂದ ಕೂಡಿಸಿ ವಿವರಿಸಿದರು. ಒಬ್ಬ ಹೊಸದೇನನ್ನಾದರೂ ಕಂಡುಹಿಡಿದರೆ, ಅದು ಅವನದೇ ಎಂದು ಸರಕಾರಕ್ಕೆ ಬರೆದು, ಬೇರೆಯವರು ಅದನ್ನು ಕದಿಯದಂತೆ ಹಕ್ಕು ಕೊಡಿಸುವುದು ತಮ್ಮ ಕೆಲಸ ಎಂದರು. ಶಿವಬಸವ್ವ ಎಲ್ಲವನ್ನೂ ಕೇಳಿ, "ಅಯ್ಯ! ತನ್ನದು ತನ್ನದಽ ಅನ್ನಾಕೂ ವಕೀಲ ಬೇಕೇನೋ?" ಎಂದು ಎದ್ದು ಹೋದಳು. ಸಂಜೆಗೆ ತಾನೇ ಕಷಾಯ ಕುದಿಸಿ ನಮಗೂ ಒಂದೊಂದು ಲೋಟ ತಂದಳು. "ಪೇಟೆಂಟ್ ಇಲ್ಲದ್ದು ಐತಿ, ಕುಡೀರಿ."

ಅಳಿಯ ನಿಜವಾಗಿ ಏನು ಮಾಡುತ್ತಾನೆ ಎಂದು ನೀವೂ ನಿಮ್ಮ ಶಾಪಿನ ಜೊತೆಗಾರ ಮಕಬೂಲಕಾಕಾನನ್ನು ಕೇಳಿದಿರಂತೆ. ಪಾಪ ಕಾಕಾ, "ಕೋಟು ಛಲೋ ಹಾಕ್ತಾನ" ಎಂದಷ್ಟೇ ಹೇಳಿದನಂತೆ! ನಾನು ಹೇಳುತ್ತೇನೆ ಕೇಳಿ. ಇವರ ತಂದೆ ರಸೂಲಸಾಬರು ಇಲ್ಲಿಯ ತಾರ್ ಆಫೀಸಿನಿಂದ ಮನೆಮನೆಗೆ ತಂತಿ ಸುದ್ದಿ ಹಂಚುತ್ತಿದ್ದರಲ್ಲ, ಆ ಕಟಕಟ ಸದ್ದು ಕೇಳುತ್ತಲೇ ಇವರು ಬೆಳೆದದ್ದು. ಧಾರವಾಡದ ಕಾಲೇಜಿನಲ್ಲಿ ವಿಜ್ಞಾನ ಓದಿ, ಬೆಂಗಳೂರಿಗೆ ಹೋಗಿ ಟೆಲಿಫೋನು, ರೇಡಿಯೊಗಳ ವಿದ್ಯೆ ಕಲಿತರು. ರೇಡಿಯೊ ಕಟ್ಟುವ ಕೆಲಸ ಸಿಕ್ಕೀತೆಂದು ಮುಂಬಯಿಗೆ ಹೋದರೆ ಸಿಕ್ಕಿದ್ದು ಒಬ್ಬ ಪಾರ್ಸಿ ಮುದುಕರ ಪೇಟೆಂಟ್ ಆಫೀಸು. ತಂತಿಯ ನಕ್ಷೆಯನ್ನೂ ಕಾಯದೆಯ ಇಂಗ್ಲಿಷನ್ನೂ ಒಟ್ಟಿಗೆ ಓದಬಲ್ಲ ಹುಡುಗ ಆ ಮುದುಕರಿಗೆ ಬೇಕಾಗಿದ್ದ. ಹಗಲು ಅವರ ಹತ್ತಿರ ದುಡಿದು, ಸಂಜೆ ಕಾಯದೆ ಓದಿ, ಮತ್ತೊಬ್ಬರು ಕಂಡುಹಿಡಿದ ಮೈಕು, ವಾಲ್ವು, ಧ್ವನಿವರ್ಧಕಗಳ ಮೇಲೆ ಪುಟಗಟ್ಟಲೆ ಬರೆಯುತ್ತ ಇವರ ಹರೆಯವೆಲ್ಲ ಅಲ್ಲೇ ಕಳೆಯಿತು. ಹಾಗಿದ್ದರೆ ಮುಂಬಯಿ ಬಿಟ್ಟು ಬಂದದ್ದೇಕೆ ಎಂದು ನಾನು ಕೇಳಿದೆ. "ಪೇಟೆಂಟ್ ಕಚೇರಿ ಇರೂದು ಕಲ್ಕತ್ತಾದಾಗ. ಮುಂಬಯಿಂದನೂ ಟಪಾಲಿಗೇ ಹಾಕಬೇಕು, ಧಾರವಾಡದಿಂದನೂ ಟಪಾಲಿಗೇ ಹಾಕಬೇಕು. ಹಂಗಿದ್ದ ಮ್ಯಾಲ ಮುಂಬಯಿ ಹೊಗಿ ಯಾಕ ಕುಡೀಲಿ?" ಎಂದರು. ಮುದುಕರು ಮುನಿಸಿಕೊಳ್ಳದೆ ಹರಸಿ ಕಳಿಸಿದ್ದಾರೆ. ರೇಡಿಯೊ, ಟೆಲಿಫೋನಿನ ಕೆಲಸ ಬಂದರೆ ಈಗಲೂ ಇಲ್ಲಿಗೇ ಕಳಿಸುತ್ತಾರೆ. ನನ್ನ ದುವಾದಲ್ಲಿ ಆ ಪಾರ್ಸಿ ಅಜ್ಜನಿಗೂ ಒಂದು ಜಾಗವಿದೆ.

ಇಲ್ಲೂ ಒಬ್ಬೊಬ್ಬರೇ ಬರುತ್ತಿದ್ದಾರೆ. ಬೆಳಗಾವಿಯವನೊಬ್ಬ ಹೋದ ಚುನಾವಣೆಯಲ್ಲಿ ಮೋಟಾರಿಗೆ ಧ್ವನಿವರ್ಧಕ ಕಟ್ಟಿ ಊರೂರು ತಿರುಗಿದವನು. ಭಾಷಣದ ನಡುವೆ ಅದು ಕಿಂಯ್ ಎಂದು ಚೀರುವುದನ್ನು ನಿಲ್ಲಿಸುವ ಒಂದು ಉಪಾಯ ಮಾಡಿದ್ದಾನೆ. ಅವನು ಅದನ್ನು ವರ್ಣಿಸುವಾಗ ತಾನೇ ಕಿಂಯ್ ಎಂದು ಚೀರಿ ತೋರಿಸಿದ, ಶಿವಬಸವ್ವ ಬಡಿಗೆ ಹಿಡಿದು ಓಡಿ ಬಂದಳು! ಅಂಥವನ ಮಾತನ್ನೆಲ್ಲ ಕೇಳಿಸಿಕೊಂಡು ಇವರು ಒಂದೇ ಒಂದು ವಾಕ್ಯ ಬರೆಯಬೇಕು. ಒಂದೊಂದು ಹಕ್ಕಿನ ಬೇಡಿಕೆಗೂ ಒಂದೇ ವಾಕ್ಯವಂತೆ, ಎಷ್ಟು ಉದ್ದವಾದರೂ ನಡುವೆ ಪೂರ್ಣವಿರಾಮ ಇಡುವಂತಿಲ್ಲವಂತೆ. "ಇದು ಹೊಲಕ್ಕ ಬೇಲಿ ಹಾಕಿದಂಗ. ಒಳಗ ಹಾಕಿದ್ರ ನಮ್ಮ ಭೂಮಿ ಹೋತು. ಹೊರಗ ಹಾಕಿದ್ರ ಮಂದಿ ಭೂಮಿ ನುಂಗಿದಂಗಾತು" ಎನ್ನುತ್ತಾರೆ. ಬರೆದು ಬರೆದು ಆ ಭಾಷೆ ಮನೆಯೊಳಗೂ ಬಂದುಬಿಟ್ಟಿದೆ. ನಿನ್ನೆ ಚಹಾ ಕೊಟ್ಟರೆ, "ಸದರಿ ಚಹಾದೊಳಗ ಸದರಿ ಸಕ್ಕರಿ ಎಲ್ಲೈತ್ರಿ?" ಎಂದರು. "ಸದರಿ ಸಕ್ಕರಿ ಸದರಿ ಡಬ್ಬಿಯೊಳಗ ಐತಿ, ಸದರಿ ಗಂಡಸರು ತಾವಽ ಹಾಕ್ಕೋಬೇಕು" ಎಂದೆ. ಅಬ್ಬಾ, ನನ್ನ ಮದುವೆ ಒಳ್ಳೆಯ ಮನುಷ್ಯನೊಂದಿಗೆ ಆಗಿದೆ. ನಿಮಗೆ ಎಷ್ಟು ಸಲ ಶುಕ್ರಿಯಾ ಹೇಳಲಿ?

ಈಗ ಮುಖ್ಯ ಮಾತು. ಮದುವೆಯ ಹಂದರದಲ್ಲಿ ಕವ್ವಾಲಿಯವರು ಹಾಡುವಾಗ ನೀವು ನಿಮ್ಮ ಊರುಗೋಲಿನ ತುದಿಯನ್ನು ಹಾರ್ಮೋನಿಯಮ್ ಪೆಟ್ಟಿಗೆಗೆ ಆನಿಸಿ, ಹಿಡಿಕೆಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ಕೂತಿದ್ದಿರಲ್ಲ? ಆಗ ಇವರ ಕಡೆಯವರೊಬ್ಬರು "ಬೀಗರು ಕೋಲು ತಿನ್ನಾಕತ್ತಾರ, ಬಿರ್ಯಾನಿ ಸಾಲಲಿಲ್ಲೇನು?" ಎಂದು ನಗಾಡಿದರು. ಮದುಮಗ ನಗಲಿಲ್ಲ. ಮದುವೆಯಾದ ಮೇಲೆ ಇವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಯಾವುದು ಗೊತ್ತೇ? ನನ್ನ ಹೆಸರಿನ ಅರ್ಥವಲ್ಲ, ನನ್ನ ಓದಲ್ಲ. "ನಿಮ್ಮ ಅಬ್ಬಾ ಕೋಲು ಯಾಕ ಕಚ್ಚಿದ್ರು?"

ನಾನು ಹೇಳಿದೆ. ಬಾಯ್ಲರಿನ ಯಾವ ಮೊಳೆ ಸಡಿಲವಾಗಿದೆ ಎಂದು ತಿಳಿಯಲು ಶಾಪಿನ ಹಿರಿಯರು ಉಕ್ಕಿನ ಸಲಾಕೆಯ ಒಂದು ತುದಿಯನ್ನು ಬಾಯ್ಲರಿಗಿಟ್ಟು ಇನ್ನೊಂದು ತುದಿಯನ್ನು ಹಲ್ಲಲ್ಲಿ ಹಿಡಿಯುತ್ತಾರೆ, ಕಿವಿಗೆ ತಿಳಿಯದ್ದು ಎಲುಬಿಗೆ ತಿಳಿಯುತ್ತದೆ ಎಂದೆ. ಇವರು ಎದ್ದು ನಿಂತರು. ಕೋಣೆಯ ಉದ್ದಕ್ಕೂ ನಡೆಯುತ್ತ ತಮಗೆ ಹೊಳೆದ ಯಂತ್ರವನ್ನು ವರ್ಣಿಸಿದರು. ಬಾಯ್ಲರಿನ ಬದಲು ಟೆಲಿಫೋನಿನಂಥ ಒಂದು ಮಾತಿನ ಬಟ್ಟಲು. ನಡುವೆ ಬ್ಯಾಟರಿಯಿಂದ ನಡೆಯುವ, ಧ್ವನಿಯನ್ನು ಹೆಚ್ಚಿಸುವ ವಾಲ್ವಿನ ಪೆಟ್ಟಿಗೆ. ಕೊನೆಗೆ ಅಯಸ್ಕಾಂತ ಕಟ್ಟಿದ ಒಂದು ಸಣ್ಣ ಸಲಾಕೆ. ನಾನು ಮಾತಾಡಿದರೆ ಸಲಾಕೆ ನಡುಗುತ್ತದೆ, ನೀವು ಹಲ್ಲಲ್ಲಿ ಹಿಡಿದರೆ ನನ್ನ ಮಾತು ನಿಮ್ಮ ತಲೆಯೊಳಗೆ ಬರುತ್ತದೆ! ಅಂದಿನಿಂದ ಇವರು ಅದನ್ನೇ ಕಟ್ಟುತ್ತಿದ್ದಾರೆ. ಮುಗಿದ ಮೇಲೆ ನೀವು ಬಂದು ಪರೀಕ್ಷೆ ಮಾಡಿಕೊಡಬೇಕು. ನಿಮಗೆ ಕೇಳಿಸಿದರೆ ಅರ್ಜಿ ಕಲ್ಕತ್ತೆಗೆ ಹೋಗುತ್ತದೆ. ಅರ್ಜಿಯಲ್ಲಿ ಮೊದಲ ಹೆಸರು ನಿಮ್ಮದು. ನಾನು ಬೇಡವೆಂದು ಹೇಳಿ ನೋಡಿದೆ. "ಕಾಯದೆ ಕೇಳೂದು ಖರೇ ಖರೇ ಮೊದಲ ಕಂಡುಹಿಡದವ್ರು ಯಾರು ಅಂತ. ಕೋಲು ಹಲ್ಲಾಗ ಹಿಡದವ್ರು ಅವರು. ನಾ ವಾಲ್ವ್ ಕೂಡಿಸಿದಾಂವ, ಅವರ ಬೆನ್ನಿಗೆ ನಿಂತಿರ್ತೇನಿ" ಎಂದರು. ಇಷ್ಟು ವರ್ಷ ಮಂದಿಯ ಹೆಸರು ಬರೆದವರು ತಮ್ಮ ಹೆಸರನ್ನು ಬರೆಯುವುದು ಇದೇ ಮೊದಲು, ಅದೂ ನಿಮ್ಮ ಹೆಸರಿನ ಕೆಳಗೆ.

"ಅಬ್ಬಾಗ ಕೇಳಸಲಿಲ್ಲಂದ್ರ?" ಎಂದೂ ಕೇಳಿದೆ.

"ಕೇಳಸಲಿಲ್ಲಂದ್ರ ಬರಿಯಂಗಿಲ್ಲ. ಕೆಲಸ ಮಾಡದ್ದನ್ನ ಮಾಡ್ತೈತಿ ಅಂತ ಬರದ್ರ ನಾ ವಕೀಲ ಅಲ್ಲ, ಸಂತ್ಯಾಗ ಹಲ್ಲಪುಡಿ ಮಾರಾಂವ."

ಒಪ್ಪಿಗೆ ಬರೆಯಿರಿ, ಅಬ್ಬಾ. ಲಗೂನ ಬರೆಯಿರಿ. ನನಗೆ ನಿದ್ದೆ ಬರುತ್ತಿಲ್ಲ.

ನಿಮ್ಮ ಹುಚ್ಚು ಮಗಳು,
ಗುಲ್ಜಾರಬಿ


ಹೊಸಯಲ್ಲಾಪುರ, ಧಾರವಾಡ
೧೯ ಫೆಬ್ರವರಿ ೧೯೩೯, ರವಿವಾರ

ಪ್ರೀತಿಯ ಅಬ್ಬಾ,

ಸಲಾಮ್. ಸುಖವಾಗಿ ಹುಬ್ಬಳ್ಳಿ ಮುಟ್ಟಿದ್ದೇನೆಂದು ನೀವು ಹಾಕಿದ ಕಾರ್ಡು ಮಂಗಳವಾರವೇ ಬಂತು. ಉತ್ತರ ಬರೆದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಕಾಯಿಸಿದ್ದಕ್ಕೆ ಕ್ಷಮಿಸಿ. ಇಂದು ಹರಿಯುವುದಿಲ್ಲ.

ಹೋದ ರವಿವಾರ ನಮ್ಮ ಮನೆಯಲ್ಲಿ ಎಷ್ಟು ಮಾತು ನಡೆಯಿತು! ಪಾಟಿ ಹಿಡಿದು ಕೂಡಲು ನನಗೆ ಬಿಡುವಾಗಲಿಲ್ಲ. ಆದ್ದರಿಂದ ಮೊದಲು ಆ ಬಾಕಿಯನ್ನು ತೀರಿಸುತ್ತೇನೆ.

ನೀವೂ ಮಕಬೂಲಕಾಕಾನೂ ಟಾಂಗಾದಿಂದ ಇಳಿದಾಗ ಶಿವಬಸವ್ವ ತನ್ನ ಕಟ್ಟೆಯ ಮೇಲಿಂದಲೇ ಹೇಳಿದ ಮಾತು: "ಗುಲ್ಜಾರಿ, ನಿಮ್ಮಪ್ಪ ನಿನಕಿಂತ ಚೆಂದ ಅದಾನಲ್ಲ!" ನೀವು ಸೀತನಿಯ ಗಂಟನ್ನು ನನ್ನ ಕೈಗಿಟ್ಟಾಗ, ಎಳೆಯ ಜೋಳದ ಹಸಿ ವಾಸನೆಗೆ ನಾನು ಅಳತೊಡಗಿದೆನಲ್ಲ, ಆಗ ಕಾಕಾ ಅಂದದ್ದು: "ಜ್ವಾಳಾ ನೋಡಿ ಅಳಾವ್ರು ರೈತರು. ನೀ ವಕೀಲನ ಹೇಂತಿ, ಸುಮ್ಮನಾಗು." ನೀವು ಹಿತ್ತಿಲಲ್ಲಿ ಕೈಕಾಲು ತೊಳೆಯುವಾಗ ಇವರು ಕಾಕಾನ ಹತ್ತಿರ ಹೋಗಿ ಮೆಲ್ಲಗೆ, "ಕಾಕಾ, ಎದಿ ಢವಢವ ಅನ್ನಾಕತ್ತೈತಿ. ನಿಕಾಹದ ದಿನಾನೂ ಹಿಂಗಾಗಿದ್ದಿಲ್ಲ" ಎಂದರು. ಕಾಕಾ ಬಿಡುತ್ತಾನೆಯೆ? "ಅಂದ್ರ ನಮ್ಮ ಹುಡಗೀಕಿಂತ ನಿನಗ ಡಬ್ಬಿ ಹೆಚ್ಚಾತೇನೋ?" ಪೆಟ್ಟಿಗೆಯನ್ನೂ ಸಲಾಕೆಯನ್ನೂ ನೋಡಿ ಶಿವಬಸವ್ವ ಅಂದದ್ದು: "ಹಲ್ಲು ಕೀಳೂ ಯಂತ್ರ ಇದ್ದಂಗೈತಿ. ಬೀಗರ ಹಲ್ಲು ಉಳಿಸಿ ಕಳಸ್ರೆಪಾ."

ಮತ್ತೆ ಪರೀಕ್ಷೆ. ತುಟಿ ನೋಡಿ ನೀವು ಮಾತು ತಿಳಿದುಕೊಳ್ಳಬಾರದೆಂದು ಇವರು ನನ್ನನ್ನು ಮಾತಿನ ಬಟ್ಟಲಿನ ಜೊತೆ ಅಡಿಗೆಮನೆಗೆ ಕಳಿಸಿದ್ದರು. ತಂತಿ ಪರದೆಯ ಕೆಳಗಿನಿಂದ ಹಾದು ಮುಂದಿನ ಕೋಣೆಗೆ ಹೋಗಿತ್ತು. ಅಲ್ಲಿ ಖುರ್ಚಿಯ ಮೇಲೆ ನೀವು, ನಿಮ್ಮ ಪಕ್ಕದಲ್ಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ಇವರು. ಮಕಬೂಲಕಾಕಾ ಎರಡೂ ಕೋಣೆಗಳ ನಡುವೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಊಹೆಗೆ ನಿಲುಕದಂಥ ಮಾತನ್ನೇ ಹೇಳಬೇಕೆಂದು ಇವರ ಆಜ್ಞೆಯಾಗಿತ್ತು. ಒಂದು ವಾರ ಯೋಚಿಸಿದ್ದ ನನಗೆ ಆ ಗಳಿಗೆಯಲ್ಲಿ ಎಲ್ಲವೂ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ: "ಅಬ್ಬಾ, ಬೆಕ್ಕು ಟೊಪಗ್ಯಾಗ ಮರಿ ಹಾಕೈತಿ."

ಒಲೆಯ ಮೇಲೆ ನೀರು ಕುದಿಯುವ ಸದ್ದಷ್ಟೇ. ಆಮೇಲೆ ನಿಮ್ಮ ದೊಡ್ಡ ದನಿ: "ಬೆಕ್ಕು? ಟೊಪಗ್ಯಾಗ ಮರಿ ಹಾಕೈತಿ? ಯಾರ ಟೊಪಗಿ ಮಗಳ?"

ನಾನು ಬಟ್ಟಲನ್ನು ಕೆಳಗೆ ಬಿಟ್ಟು ಓಡಿ ಬಂದೆ. ಇವರು ನಿಮ್ಮ ಮೊಣಕಾಲು ಹಿಡಿದು ನೆಲದ ಮೇಲೆ ಕೂತುಬಿಟ್ಟಿದ್ದರು. ಶಿವಬಸವ್ವ "ಕೇಳಿಸ್ತೇನ ಖರೇನ? ಹಂಗಾರ ನಂದೂ ಒಂದ್ ಹೇಳು, ನಿನ್ನ ಮಗಳು ಸಾರಿಗೆ ಉಪ್ಪು ಹಾಕಂಗಿಲ್ಲ ಅಂತ" ಎಂದಳು. ನಾನು ಮತ್ತೆ ಒಳಗೆ ಓಡಿ, ಬಟ್ಟಲಿನಲ್ಲಿ ನನ್ನ ಮೇಲೆ ನಾನೇ ಚಾಡಿ ಹೇಳಿದೆ. ನೀವು ಸಲಾಕೆ ಕಚ್ಚಿಕೊಂಡೇ, "ಅಕಿ ಅವ್ವನೂ ಹಂಗಽ ಇದ್ಲು" ಎಂದಿರಿ. ಅಮ್ಮ ತೀರಿಹೋದ ಮೇಲೆ ನೀವು ಅವಳ ಬಗ್ಗೆ ನಗುತ್ತ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದೊಂದಕ್ಕೇ ಈ ಪೆಟ್ಟಿಗೆಗೆ ನಾನು ಜನ್ಮವಿಡೀ ಋಣಿ.

ನೀವು ಊಟ ಮಾಡಿ ಅಡ್ಡಾದಾಗ ಕಾಕಾ ನನ್ನ ಹತ್ತಿರ ಕೂತು ಸೀತನಿ ತಿನ್ನುತ್ತ ಒಂದು ಮಾತು ಹೇಳಿದ. ಅದನ್ನು ನೀವು ಯಾವತ್ತೂ ಹೇಳಲಿಲ್ಲ. ನಾನು ಇಂಗ್ಲಿಷ್ ಶಾಲೆಗೆ ಸೇರಿದ ವರ್ಷ ಫೋರ್‌ಮನ್ ಸಾಹೇಬ ನಿಮ್ಮನ್ನು ಕರೆದು, "ನಿನ್ನ ಕಿವಿ ಹೋಗಾಕತ್ತಾವ, ಸಾಮಾನಿನ ಗುದಾಮಿಗೆ ಹೋಗು, ಅಲ್ಲೆ ಸಪ್ಪಳ ಇಲ್ಲ" ಎಂದನಂತೆ. ಗುದಾಮಿನಲ್ಲಿ ಪಗಾರ ಕಡಿಮೆ. ನೀವು, "ಸಾಹೇಬ, ಮಗಳು ಇಂಗ್ಲಿಷ್ ಕಲ್ಯಾಕತ್ತಾಳ. ನನ್ನ ಕಿವೀಲೆ ಏನಾಗೂದೈತಿ, ಕೇಳಾಕ ಅಕಿ ಇರ್ತಾಳ" ಎಂದಿರಂತೆ. ಕಾಕಾ ಇದನ್ನು ಹೇಳುವಾಗ ನಗುತ್ತಿದ್ದ. ನಾನೂ ನಗುತ್ತಿದ್ದೆ. ಆಮೇಲೆ ಅಡಿಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ.

ಶಾಲೆಯಲ್ಲಿ ನಮ್ಮಿಂದ ಥ್ಯಾಂಕ್ಸಿನ ಕಾಗದ ಬರೆಸುತ್ತಿದ್ದರು: ಗೊಂಬೆಗೆ ಥ್ಯಾಂಕ್ಸ್, ಕೇಕಿಗೆ ಥ್ಯಾಂಕ್ಸ್. ಕಿವಿಗೆ ಹೇಗೆ ಬರೆಯಬೇಕೆಂದು ಯಾರೂ ಕಲಿಸಲಿಲ್ಲ. ನನ್ನ ಒಂದೊಂದು ಇಂಗ್ಲಿಷ್ ಮಾತಿಗೂ ನೀವು ಎಷ್ಟೆಷ್ಟು ಸದ್ದು ತೆತ್ತಿದ್ದೀರಿ! ಹಕ್ಕಿಯ ಸದ್ದು, ಮಸೀದಿಯ ಬಾಂಗಿನ ಸದ್ದು, ಮಳೆಯ ಸದ್ದು, ಫೂಫಿಯ ಬೈಗುಳದ ಸದ್ದು. (ಫೂಫಿ, ಇದನ್ನು ಓದಿಸಿಕೊಳ್ಳುವಾಗ ನಗಬೇಕು.) ಆ ಇಂಗ್ಲಿಷ್ ಇದ್ದುದರಿಂದಲೇ ಇವರ ಮನೆಯವರು ನನ್ನನ್ನು ಕೇಳಿಕೊಂಡು ಬಂದರು. ಆ ಇಂಗ್ಲಿಷಿನಿಂದಲೇ ನಾನಿಂದು ಇವರ ಬರಹದ ಶುದ್ಧ ಪ್ರತಿ ಮಾಡಿಕೊಡುತ್ತೇನೆ. ನಿಮ್ಮ ಅರ್ಜಿಯ ಶುದ್ಧ ಪ್ರತಿಯೂ ನನ್ನ ಅಕ್ಷರದಲ್ಲೇ ಇದೆ. ಮೊದಲ ಸಾಲಿನಲ್ಲಿ "ದಸ್ತಗೀರಸಾಬ, ಬಾಯ್ಲರ್ ಮೇಸ್ತ್ರಿ, ಹಳೇ ಹುಬ್ಬಳ್ಳಿ" ಎಂದು ಬರೆಯುವಾಗ ಮಸಿ ಚೆಲ್ಲೀತೆಂದು ಉಸಿರು ಬಿಗಿಹಿಡಿದಿದ್ದೆ.

ಆ ಅರ್ಜಿ ಮೇಜಿನ ಮೇಲೆಯೇ ಇದೆ. ಇನ್ನೂ ಟಪಾಲಿಗೆ ಹಾಕಿಲ್ಲ. ಏಕೆಂದು ಕೊನೆಗೆ ಬರೆಯುತ್ತೇನೆ. ಮೊದಲು ಹೇಳಬೇಕಾದ ಶುಕ್ರಿಯಾಗಳು ಮುಗಿಯಲಿ.

ನಮ್ಮ ಮಿಕ್ಕ ಸುದ್ದಿಯೆಲ್ಲ ಸುಖದ್ದೇ. ಬೆಳಗಾವಿಯವನ ಅರ್ಜಿ ಕಲ್ಕತ್ತೆಗೆ ಹೋಗಿ ಮುಟ್ಟಿದೆ. ಪುಣೆಯಿಂದ ರೇಡಿಯೊದವನೊಬ್ಬ ಬರುವವನಿದ್ದಾನೆ. ಶಿವಬಸವ್ವನಿಗೆ ಕೆಮ್ಮು ಕಡಿಮೆಯಾಗಿದೆ. ನಾನು ಸಾರಿಗೆ ಉಪ್ಪು ಹಾಕುತ್ತಿದ್ದೇನೆ.

ಅಲ್ಲಾಹ್ ನಿಮ್ಮ ಕೈಗೂ ಕಣ್ಣಿಗೂ ಬಲ ಕೊಡಲಿ. ಫೂಫಿಯ ಮೊಣಕಾಲಿನ ನೋವು ಇಳಿಯಲಿ. ಮಕಬೂಲಕಾಕಾನ ನಾಲಿಗೆ ಎಂದೂ ಸೋಲದಿರಲಿ. ನಮ್ಮಿಬ್ಬರ ತಲೆಯ ಮೇಲೆ ನಿಮ್ಮ ಕೈ ಇರಲಿ. ಅಳಿಯಂದಿರು ಸಲಾಮ್ ತಿಳಿಸಿದ್ದಾರೆ.

ನಿಮ್ಮ ಮಗಳು,
ಗುಲ್ಜಾರಬಿ

ತಾ.ಕ.: ಇಲ್ಲಿಂದ ಮುಂದೆ ಫೂಫಿಗೆ ಓದಿ ಹೇಳಬೇಡಿ.

ನೀವು ಹೋದ ಮರುದಿನ ಇವರು ತಮ್ಮ ಕಿವಿಗೆ ಹತ್ತಿ ತುರುಕಿ, ಸಲಾಕೆಯನ್ನು ಹಲ್ಲಲ್ಲಿ ಹಿಡಿದು, ನನಗೆ ಮಾತಾಡು ಎಂದು ಸನ್ನೆ ಮಾಡಿದರು. ಮಾತಾಡಿದೆ. ಇವರಿಗೆ ಏನೂ ತಿಳಿಯಲಿಲ್ಲ. ಪೆಟ್ಟಿಗೆ ಬಿಚ್ಚಿ ನೋಡಿದರು. ನೀವು ಬರುವ ಹಿಂದಿನ ದಿನ, ಬ್ಯಾಟರಿ ಸುಮ್ಮನೆ ಖರ್ಚಾಗದಿರಲೆಂದು ಅದರ ತುದಿಗೆ ಇವರೇ ಸುತ್ತಿಟ್ಟಿದ್ದ ಮೇಣದ ಕಾಗದ ಸುತ್ತಿದ ಹಾಗೆಯೇ ಇತ್ತು. ಗಡಿಬಿಡಿಯಲ್ಲಿ ಅದನ್ನು ತೆಗೆಯಲು ಮರೆತಿದ್ದಾರೆ. ತಂತಿ ಬ್ಯಾಟರಿಯನ್ನು ಮುಟ್ಟಿಯೇ ಇರಲಿಲ್ಲ, ಅಬ್ಬಾ. ಆ ರವಿವಾರವೆಲ್ಲ ನೀವು ಹಲ್ಲಲ್ಲಿ ಹಿಡಿದದ್ದು ಬರೀ ಕಬ್ಬಿಣ.

ಹಾಗಾದರೆ ಟೊಪ್ಪಿಗೆಯೊಳಗಿನ ಬೆಕ್ಕು ನಿಮಗೆ ಹೇಗೆ ತಿಳಿಯಿತು? ಗುರುವಾರ ಇವರು ಹುಬ್ಬಳ್ಳಿಗೆ ಹೋಗಿ ಶಾಪಿನ ಗೇಟಿನಲ್ಲಿ ಮಕಬೂಲಕಾಕಾನನ್ನು ಹಿಡಿದರು. ಕಾಕಾ ಮುಚ್ಚಿಡಲಿಲ್ಲ. "ಹೌದೋ ಮಾರಾಯ, ನಾನಽ ಬೆರಳಲೆ ಹೇಳಿಕೊಟ್ಟೆ. ಸುತ್ತಗಿ ಸಪ್ಪಳದಾಗ ಬಾಯಿಮಾತು ನಡೆಯಂಗಿಲ್ಲ, ನಾವು ಶಾಪಿನಾವ್ರು ಬೆರಳಲೆನಽ ಮಾತಾಡಿ ಮುದುಕರಾದಾವ್ರು. ಅಂವ ಸಲಾಕಿ ಕಚ್ಚಿಕೊಂಡು ನನ್ನ ಮಾರಿ ನೋಡಿದ. ಏನೂ ಕೇಳಸಾಕತ್ತಿಲ್ಲ ಅಂತ ನನಗ ಗೊತ್ತಾತು. ನಿನ್ನ ಮಾರಿ ನೋಡಿದೆ, ನೀನೂ ಅಳೂ ಹಂಗ ನಿಂತಿದ್ದಿ. ನಡುವ ನಿಂತಾಂವ ನಾ ಏನ್ ಮಾಡ್ಲಿ? ಕೈ ತಾನಽ ಎದ್ದುಬಿಡ್ತು."

ಇವರಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಕಾಕಾನ ಮೇಲೂ ಇಲ್ಲ. "ನಿಮ್ಮ ಅಬ್ಬಾ ಮೋಸ ಮಾಡಿಲ್ಲ, ಅಳಿಯನ ಮಾನ ಕಾಯ್ದಾರ. ಆದ್ರ ಕಲ್ಕತ್ತಾಕ್ಕ ನಾ ಮಾನ ಬರದು ಕಳಸಾಕ ಬರಂಗಿಲ್ಲ. ಕೇಳಿಸ್ತೋ ಇಲ್ಲೋ ಅಷ್ಟಽ ಬರೀಬೇಕು" ಎಂದು ಅರ್ಜಿಯ ಮೇಲೆ ಪೇಪರ್‌ವೇಟ್ ಇಟ್ಟರು. ಮೇಣದ ಕಾಗದ ತೆಗೆದು ತಂತಿ ಜೋಡಿಸಿದ ಮೇಲೆ ಪೆಟ್ಟಿಗೆ ಇವರ ಹಲ್ಲಿಗೆ ಮಾತು ಮುಟ್ಟಿಸುತ್ತಿದೆ. ನಿಮ್ಮ ಹಲ್ಲಿಗೆ ಮುಟ್ಟಿಸುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇನ್ನೊಮ್ಮೆ ಬನ್ನಿ. ಕಾಕಾನನ್ನು ಹುಬ್ಬಳ್ಳಿಯಲ್ಲೇ ಬಿಟ್ಟು ಬನ್ನಿ. ಕೇಳಿಸದಿದ್ದರೆ "ಇಲ್ಲ" ಎನ್ನಿ. ಆ "ಇಲ್ಲ" ಎಂಬುದಕ್ಕೂ ಇವರು ನಿಮ್ಮ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ನನಗೆ ಗೊತ್ತು.

ನನ್ನ ನೋವು ಪೆಟ್ಟಿಗೆಯದಲ್ಲ, ಅಬ್ಬಾ. ಕಿವಿಗೆ ಬಾಯಿ ಹಚ್ಚಿ ಹೇಳಿದರೆ ನಿಮಗೆ ಅಷ್ಟಿಷ್ಟು ಕೇಳಿಸುತ್ತದೆ ಎಂದು ನಾನು ಇಷ್ಟು ವರ್ಷವೂ ನಂಬಿದ್ದೆ. ಹಾಗೆ ಹೇಳಿದಾಗಲೆಲ್ಲ ನೀವು ತಲೆಯಾಡಿಸುತ್ತಿದ್ದಿರಿ. ಅದೂ ನನ್ನ ಮನಸ್ಸು ಕಾಯಲೆಂದೇ ಇರಬೇಕೆಂದು ಈಗ ಅನಿಸುತ್ತಿದೆ. ಮದುವೆಯ ದಿನ ನನ್ನನ್ನು ಕಳಿಸಿಕೊಡುವ ಹೊತ್ತಿಗೆ ಕೈಯಲ್ಲಿ ಪಾಟಿ ಇರಲಿಲ್ಲ, ತಲೆಯ ಮೇಲೆ ಮುಸುಕಿತ್ತು, ಟಾಂಗಾ ಬಾಗಿಲಿಗೆ ಬಂದಿತ್ತು. ನಾನು ನಿಮ್ಮನ್ನು ತಬ್ಬಿ ಕಿವಿಯಲ್ಲಿ ಒಂದು ಮಾತು ಕೇಳಿದೆ. ನೀವು ನನ್ನ ಬೆನ್ನು ಸವರಿ "ಹ್ಞೂಂ ಮಗಳ, ಹ್ಞೂಂ" ಎಂದಿರಿ. ಆ ಹ್ಞೂಂ ಒಂದನ್ನೇ ನಂಬಿ ನಾನು ಟಾಂಗಾ ಹತ್ತಿದೆ.

ಇಲ್ಲಿ ಸುಖವಾಗಿದ್ದೇನೆ, ತಿರುಗಿ ಬರುವ ಮಾತಲ್ಲ. ಆದರೆ ನೀವು ಕೇಳಿಸಿಕೊಳ್ಳದ ಮಾತಿಗೆ ಬಂದ ಉತ್ತರ ನನ್ನ ಹತ್ತಿರ ಉಳಿದಿದೆ. ಅದನ್ನು ಇಟ್ಟುಕೊಳ್ಳಲಾರೆ. ಅವತ್ತು ಕೇಳಿದ್ದನ್ನು ಇಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಓದಿ ನಿಮ್ಮ ಕೈಯಿಂದಲೇ ಉತ್ತರ ಬರೆಯಿರಿ:

"ಅಬ್ಬಾ, ನಾ ಹೋದ ಮ್ಯಾಲ ಮಂದಿ ಮಾತು ನಿಮಗ ಯಾರು ಹೇಳ್ತಾರ? ನಾ ಹೋಗ್ಲ್ಯಾ?"